ಬೈರಾಸಿನಡಿಯ ಚಳಿಗಾಲ

ನಮ್ಮೂರಿನಲ್ಲಿ ಹಂದಿಮಾಂಸ ಮುಟ್ಟದವರೂ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಕೇಳುವ ಮಾತು ಒಂದೇ: “ಇವತ್ತು ಹಂದಿ ಹೇಗುಂಟು?” ಕೇಳದಿದ್ದರೆ ಕೊಡೆ ಹಿಡಿದು ಹೊರಡಬೇಕೋ, ಕಂಬಳಿ ಹೊದ್ದು ಹೊರಡಬೇಕೋ ಗೊತ್ತಾಗುವುದು ಹೇಗೆ? ಬೇರೆ ಊರುಗಳಲ್ಲಿ ಕಾಲಕ್ಕೆ ತಕ್ಕ ಹಾಗೆ ಹಂದಿಯ ರೇಟು ಏರಿಳಿಯುತ್ತದಂತೆ. ಬಸ್ಸಿನಲ್ಲಿ ಬಂದವರು ಹೇಳಿದ್ದನ್ನು ಕೇಳಿದ್ದೇನೆ. ನಮ್ಮಲ್ಲಿ ಹಂದಿಯ ರೇಟಿಗೆ ತಕ್ಕ ಹಾಗೆ ಕಾಲ ಬರುತ್ತದೆ. ರೇಟು ಏರಿದರೆ ಮೋಡ ಹರಿದು ಚಳಿ ಬೀಳುತ್ತದೆ. ಮಧ್ಯದಲ್ಲಿ ನಿಂತರೆ ಬಿಸಿಲು. ಇಳಿದರೆ ಮಳೆ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಹುಟ್ಟಿದಂದಿನಿಂದ ಹೀಗೇ ನೋಡಿದ್ದೇವೆ.

ವರ್ಷವಿಡೀ ನೋಡಿದರೆ ಎಲ್ಲ ಒಂದು ಕ್ರಮದಲ್ಲಿಯೇ ನಡೆಯುತ್ತದೆ. ಕ್ರಿಸ್ಮಸ್ ಹಬ್ಬ, ಅದರ ಬೆನ್ನಿಗೆ ಮದುವೆಗಳು. ಆಗ ಎಲ್ಲರಿಗೂ ಹಂದಿ ಬೇಕು, ರೇಟು ಮೇಲೆ, ಊರಿಗೆ ಚಳಿ. ಆಮೇಲೆ ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲ ಬರುತ್ತದೆ. ನಮ್ಮವರು ಮಾಂಸ ಬಿಟ್ಟು ಗಂಜಿ ಚಟ್ನಿಗೆ ಇಳಿಯುತ್ತಾರೆ. ರೇಟು ಒಂದೊಂದೇ ಮೆಟ್ಟಿಲು ಇಳಿಯುತ್ತದೆ, ಸೆಕೆ ಒಂದೊಂದೇ ಮೆಟ್ಟಿಲು ಏರುತ್ತದೆ. ಅಷ್ಟರಲ್ಲಿ ಮಾರಾಟವಾಗದೆ ಉಳಿದ ಹಂದಿಗಳು ತಿಂದು ತಿಂದು ಗೂಡಿನ ಬಾಗಿಲು ದಾಟಲಾರದಷ್ಟು ಬೆಳೆದಿರುತ್ತವೆ. ಇನ್ನು ನಮ್ಮಿಂದಾಗದು ಎಂದು ಸಾಕಿದವರು ಎಲ್ಲವನ್ನೂ ಒಟ್ಟಿಗೆ ಮಾರ್ಕೆಟ್ಟಿಗೆ ತಂದು ಸುರಿಯುತ್ತಾರೆ. ರೇಟು ಧೊಪ್ಪನೆ ಬೀಳುತ್ತದೆ, ಮಳೆಯೂ ಧೊಪ್ಪನೆ ಬೀಳುತ್ತದೆ. ಮಳೆ ಹಳೆಯದಾಗುವ ಹೊತ್ತಿಗೆ ದೊಡ್ಡ ಹಂದಿಗಳೆಲ್ಲ ಖಾಲಿ, ಮರಿಗಳಿನ್ನೂ ಮೊಣಕಾಲೆತ್ತರ. ಆಗ ರೇಟು ಮೆಲ್ಲಗೆ ತಲೆಯೆತ್ತುತ್ತದೆ, ಮೋಡ ಚದುರುತ್ತದೆ, ಮತ್ತೆ ಹಬ್ಬ.

ಹಾಗಾಗಿ ನಮ್ಮ ಸಗಟು ಹಂದಿ ಮಾರ್ಕೆಟ್ಟಿಗೆ ಬರುವವರಲ್ಲಿ ಅರ್ಧ ಜನ ಕೊಳ್ಳುವವರೂ ಅಲ್ಲ, ಮಾರುವವರೂ ಅಲ್ಲ. ಪಂಚಾಂಗ ಬರೆಯುವ ಶೀನ ಭಟ್ಟರು ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಶಾಲಿನ ತುದಿಯನ್ನು ಮೂಗಿಗೆ ಹಿಡಿದುಕೊಂಡು, ಮಾರ್ಕೆಟ್ಟಿನ ಹೊರಗಿನ ಹಲಸಿನ ಮರದಡಿ ಬಂದು ನಿಲ್ಲುತ್ತಾರೆ. ಅಲ್ಲಿಂದಲೇ “ಏ ಸೆಲೆಸ್ತಿನ್ ಬಾಯೀ, ಎಷ್ಟಕ್ಕೆ ಹೋಯ್ತು?” ಎಂದು ಕೂಗುತ್ತಾರೆ. ರೇಟು ಕೇಳಿಕೊಂಡು ಮನೆಗೆ ಹೋಗಿ, ಮತ್ತೊಮ್ಮೆ ಸ್ನಾನ ಮಾಡಿ, ಪಂಚಾಂಗದಲ್ಲಿ ಮಳೆಯನ್ನೋ ಬಿಸಿಲನ್ನೋ ಬರೆಯುತ್ತಾರೆ. ಹಪ್ಪಳ ಮಾಡುವ ಗುಲಾಬಕ್ಕ ಸುತ್ತಿದ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತಾರೆ. ರೇಟು ಏರಿದ ಸುದ್ದಿ ಕಿವಿಗೆ ಬಿದ್ದ ಕೂಡಲೇ ಹಾಸಬೇಕಲ್ಲ. ಗದ್ದೆಯವರಿಗೆ ಮಾತ್ರ ರೇಟು ಇಳಿಯಬೇಕು. ಅವರು ಕೆಸುವಿನ ದಂಟಿನ ಕಟ್ಟುಗಳನ್ನು ಹೊತ್ತು ತಂದು ಹಂದಿ ಸಾಕುವವರ ಮನೆಗಳಿಗೆ ಪುಕ್ಕಟೆ ಹಂಚುತ್ತಾರೆ, ಹಂದಿಗಳು ಚೆನ್ನಾಗಿ ತಿಂದು ಚೆನ್ನಾಗಿ ಹೆಚ್ಚಲಿ ಎಂದು. ನಮ್ಮೂರ ಹಂದಿಗಳಿಗೆ ಸಿಗುವ ಉಪಚಾರ ಬೇರೆ ಕಡೆ ಅಳಿಯಂದಿರಿಗೂ ಸಿಗಲಿಕ್ಕಿಲ್ಲ.

ದಿನದ ರೇಟು ನಿಲ್ಲುವುದು ಬೋಣಿಯಲ್ಲಿ. ಬೆಳಗಿನ ಮೊದಲ ವ್ಯಾಪಾರ ಎಷ್ಟಕ್ಕೆ ಮುಗಿಯುತ್ತದೋ ಅದೇ ಆ ದಿನದ ರೇಟು, ಅದೇ ಆ ದಿನದ ಹವೆ. ಬೋಣಿಯ ರೇಟನ್ನು ಬಾಯಲ್ಲಿ ಚೌಕಾಸಿ ಮಾಡುವ ಹಾಗಿಲ್ಲ. ಕೊಳ್ಳುವವರೂ ಮಾರುವವರೂ ಎದುರೆದುರು ನಿಂತು ಬಲಗೈ ಚಾಚುತ್ತಾರೆ. ಮೇಲೊಂದು ಬೈರಾಸು ಹೊದಿಸುತ್ತಾರೆ, ಗಂಡಸರು ಹೆಗಲ ಮೇಲೆ ಹಾಕಿಕೊಳ್ಳುತ್ತಾರಲ್ಲ, ಅದೇ ಚೌಕಳಿ ಬೈರಾಸು. ಅದರಡಿಯಲ್ಲಿ ಕೊಳ್ಳುವವರು ಮಾರುವವರ ಬೆರಳು ಹಿಡಿದು ರೇಟು ತಿಳಿಸುತ್ತಾರೆ. ಹೆಚ್ಚು ಬೆರಳು ಹಿಡಿದರೆ ಹೆಚ್ಚು ರೇಟು. ಮಾರುವವರಿಗೆ ಒಪ್ಪಿಗೆಯಾದರೆ ಆ ಕೈಯನ್ನು ಒತ್ತಿ ಬೈರಾಸು ಕೊಡವಬೇಕು. ಒಪ್ಪಿಗೆಯಿಲ್ಲದಿದ್ದರೆ ಏನೂ ಮಾಡಬಾರದು, ಕೈಯನ್ನು ಸುಮ್ಮನೆ ಅಲ್ಲೇ ಬಿಡಬೇಕು. ಸುಮ್ಮನಿರುವ ಕೈ ಎಂದರೆ ಸಾಲದು, ಇನ್ನೂ ಏರಿಸು ಎಂದು ಅರ್ಥ. ಬೇಡವಾದರೆ ಕೊಳ್ಳುವವರು ಕೈ ಹಿಂದಕ್ಕೆ ತೆಗೆಯಬೇಕು. ಒಳಗೆ ಏನು ನಡೆಯುತ್ತಿದೆಯೆಂದು ಸುತ್ತ ನಿಂತವರಿಗೆ ಕಾಣುವುದಿಲ್ಲ. ಅವರೆಲ್ಲ ಕುತ್ತಿಗೆ ಎತ್ತಿ ಆಕಾಶ ನೋಡುತ್ತಿರುತ್ತಾರೆ. ಮೋಡ ತೆಳುವಾದರೆ “ಏರಿಸಿದ್ರು, ಏರಿಸಿದ್ರು” ಎನ್ನುತ್ತಾರೆ. ಹನಿ ದಪ್ಪವಾದರೆ “ಅಯ್ಯೋ, ಜಿಪುಣ ಇಳಿಸಿದ” ಎಂದು ಬೈಯುತ್ತಾರೆ.

ಇನ್ನೊಂದು ಕಟ್ಟುಪಾಡೂ ಇದೆ. ಮಾಂಸ ನಿಜವಾಗಿ ಬೇಕಾದವರೇ ಬೋಣಿಗೆ ಕೈಯಿಡಬೇಕು. ಹಿಂದೊಮ್ಮೆ ಟೆಂಟ್ ಸಿನಿಮಾದವನೊಬ್ಬ, ತನ್ನ ಟೆಂಟು ಸೋರುತ್ತದೆಂದು, ತಿನ್ನುವ ಮನಸ್ಸಿಲ್ಲದೆಯೇ ಎತ್ತರದ ರೇಟಿಗೆ ಬೋಣಿ ಮಾಡಿದನಂತೆ. ಆ ದಿನ ಆಲಿಕಲ್ಲು ಬಿದ್ದು ಟೆಂಟು ಜರಡಿಯಾಯಿತು. ಆಮೇಲೆ ಯಾರೂ ಆ ಸಾಹಸಕ್ಕೆ ಕೈ ಹಾಕಿಲ್ಲ.

ಸೆಲೆಸ್ತಿನ್ ಬಾಯಿ ನನ್ನ ಮಾವ್ಶಿ, ಅಮ್ಮನ ಅಕ್ಕ. ಮಾರ್ಕೆಟ್ಟಿನ ಮೊದಲ ಕಟ್ಟೆ ಅವಳದು, ಆದ್ದರಿಂದ ಬೋಣಿಯೂ ಅವಳದೇ. ಅವಳ ಎದುರು ಕೈಯಿಡುವವರು ಹೆಚ್ಚಾಗಿ ಬೊನವೆಂಚರ್ ಪೊರ್ಬುಗಳು. ದೊಡ್ಡ ಖರೀದಿದಾರರು, ದೊಡ್ಡ ಹೊಟ್ಟೆಯವರು, ಹಂದಿಯ ಹೆಸರೆತ್ತಿದರೆ ಮಾತಿನ ನಡುವೆ ಎಂಜಲು ನುಂಗುವವರು. ನಾನು ಎಮರೆನ್ಸ್, ಎಲ್ಲರ ಬಾಯಲ್ಲಿ ಎಮ್ಮಿ. ಶಾಲೆಯಲ್ಲಿ ಹಾಜರಿ ಕೂಗುವಾಗ ನನ್ನ ಗಂಟಲಿನಿಂದ ಮಾತು ಹೊರಡುತ್ತಿರಲಿಲ್ಲ. ಮುಂದಿನ ಬೆಂಚಿನಲ್ಲೇ ಕೂತಿದ್ದರೂ ಗೈರುಹಾಜರಿ ಬೀಳುತ್ತಿತ್ತು. ಏಳನೇ ಕ್ಲಾಸಿನಲ್ಲಿ ಹಾಜರಿ ಸಾಲದೆಂದು ಪರೀಕ್ಷೆಗೆ ಕೂರಿಸಲಿಲ್ಲ. ಹೋಗಲಿ ಎಂದು ಮಾವ್ಶಿಯ ಕಟ್ಟೆಗೆ ಬಂದು ಕೂತೆ. ಅಲ್ಲಿ ಮಾತಾಡುವ ಕೆಲಸ ಮಾವ್ಶಿಯದು. ನಾನು ಕತ್ತಿ ಮಸೆಯುತ್ತೇನೆ, ತಕ್ಕಡಿ ಹಿಡಿಯುತ್ತೇನೆ, ಉಳಿದ ಹೊತ್ತು ನೋಡುತ್ತೇನೆ. ಮಾತಾಡದವರಿಗೆ ಕಣ್ಣು ಖಾಲಿ ಇರುತ್ತದೆ. ಹಗ್ಗವನ್ನು ಸಡಿಲ ಹಿಡಿದವರಿಗೆ ಹಂದಿ ಮಾರುವ ಮನಸ್ಸಿರುತ್ತದೆ, ಕೈಗೆ ಸುತ್ತಿಕೊಂಡವರಿಗೆ ಇರುವುದಿಲ್ಲ. ಇಂಥದ್ದೆಲ್ಲ ನನಗೆ ಕಾಣುತ್ತದೆ. ಯಾರಿಗೂ ಹೇಳುವುದಿಲ್ಲ.

ಕಳೆದ ವರ್ಷ ರೇಟು ಹುಚ್ಚು ಹಿಡಿದ ಹಾಗೆ ಏರಿತ್ತು. ಹಬ್ಬದ ಬೆಳಿಗ್ಗೆ ಬಾವಿಯ ಹಗ್ಗ ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಇಗರ್ಜಿಯಲ್ಲಿ ಹಾಡಿದವರ ಬಾಯಿಂದ ಹಾಡಿಗಿಂತ ಮೊದಲು ಹೊಗೆ ಬರುತ್ತಿತ್ತು. ಆ ರೇಟು ನೋಡಿ ಊರಿಗೆ ಊರೇ ಹಂದಿ ಸಾಕಲು ಹೊರಟಿತು. ದರ್ಜಿ ಹೊಲಿಗೆ ಮೆಷಿನ್ನಿನ ಹಿಂದೆ ಎರಡು ಮರಿ ಕಟ್ಟಿದ. ಆ ವರ್ಷ ಅವನು ಹೊಲಿದ ರವಿಕೆಗಳಲ್ಲಿ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ. ಬಸ್ ಸ್ಟ್ಯಾಂಡಿನ ಹೋಟೆಲಿನವನು ಗಿರಾಕಿಗಳ ಬೆಂಚು ಎತ್ತಿ ಆ ಜಾಗದಲ್ಲಿ ಗೂಡು ಹಾಕಿದ. ಮುಂದಿನ ಹಬ್ಬಕ್ಕೆ ನನ್ನ ಹಂದಿ, ನಾನು ಹೇಳಿದ್ದೇ ರೇಟು ಎಂದು ಎಲ್ಲರೂ ಮನಸ್ಸಿನೊಳಗೇ ಮಂಡಿಗೆ ತಿಂದರು. ಪಕ್ಕದ ಮನೆಯವನೂ ಹೀಗೇ ಯೋಚಿಸುತ್ತಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ, ಗೋಡೆಯಾಚೆಯಿಂದ ಅವನ ಹಂದಿ ಗುರುಗುಟ್ಟುತ್ತಿದ್ದರೂ.

ಈ ವರ್ಷ ಹಬ್ಬದ ತಿಂಗಳು ಬಂದಾಗ ಮನುಷ್ಯರಿಗಿಂತ ಹಂದಿಗಳೇ ಹೆಚ್ಚಾಗಿದ್ದವು. ರೇಟು ನೆಲ ಕಚ್ಚಿತು. ಮಂಜು ಬೀಳಬೇಕಾದ ಕಾಲದಲ್ಲಿ ಜಡಿಮಳೆ. ಜನರೂ ಹೊಂದಿಕೊಂಡರು. ಮನೆ ಮುಂದೆ ತೂಗುಹಾಕುವ ಹಬ್ಬದ ನಕ್ಷತ್ರಗಳಿಗೆ ಪ್ಲಾಸ್ಟಿಕ್ ಹೊದಿಸಿದರು. ಗುಲಾಬಕ್ಕ ಹಪ್ಪಳವನ್ನು ಒಲೆಯ ಮೇಲೆ ತಂತಿ ಕಟ್ಟಿ ಒಣಗಿಸಿದರು. ಆ ಹಪ್ಪಳಕ್ಕೆ ಹೊಗೆಯ ವಾಸನೆ ಹಿಡಿದು, ಕೆಲವರು ಅದನ್ನೇ ಇಷ್ಟಪಟ್ಟು ಕೇಳತೊಡಗಿದರು. ಹೊಂದಿಕೊಳ್ಳಲಾಗದೆ ಉಳಿದವನು ಒಬ್ಬನೇ, ಇಟ್ಟಿಗೆ ಗೂಡಿನ ಇನಾಸ.

ಇನಾಸನ ಇಟ್ಟಿಗೆ ಗೂಡು ಹೊಳೆಯ ಬದಿಯಲ್ಲಿದೆ. ಅಪ್ಪ ತೀರಿಕೊಂಡ ಮೇಲೆ ಅವನೂ ಅವನ ಅಮ್ಮನೂ ನಾಲ್ಕಾರು ಕೆಲಸದವರನ್ನು ಇಟ್ಟುಕೊಂಡು ನಡೆಸುತ್ತಿದ್ದಾರೆ. ಹಸಿ ಇಟ್ಟಿಗೆ ಗಟ್ಟಿಯಾಗಿ ಒಣಗದೆ ಗೂಡಿಗೆ ಬೆಂಕಿ ಕೊಡುವ ಹಾಗಿಲ್ಲ. ಹಾಗಾಗಿ ಅವನು ದಿನಾ ಬೆಳಿಗ್ಗೆ ನಮ್ಮ ಕಟ್ಟೆಗೆ ಬಂದು, ಮಾವ್ಶಿಯನ್ನು ದಾಟಿ, ನನ್ನ ಎದುರು ನಿಂತು ಕೇಳುತ್ತಿದ್ದ: “ಹೇಗುಂಟು?” ರೇಟು ಏರಿದ್ದರೆ ನಾನು ಗಲ್ಲ ಎತ್ತುತ್ತಿದ್ದೆ, ಇಳಿದಿದ್ದರೆ ತಗ್ಗಿಸುತ್ತಿದ್ದೆ. ಎರಡು ವರ್ಷದಲ್ಲಿ ನಮ್ಮಿಬ್ಬರ ನಡುವೆ ಆದ ಮಾತುಕತೆ ಅಷ್ಟೇ. ಕೂಗಿ ಹೇಳಲು ಮಾವ್ಶಿ ಇರುವಾಗ ಅವನು ನನ್ನನ್ನೇ ಯಾಕೆ ಕೇಳುತ್ತಾನೆಂದು ಯೋಚಿಸಿ ಯೋಚಿಸಿ, ನಾನು ಎಷ್ಟೋ ಸಲ ಮಸೆದ ಕತ್ತಿಯನ್ನೇ ಮತ್ತೆ ಮಸೆದಿದ್ದೇನೆ.

ಈ ವರ್ಷ ನನ್ನ ಗಲ್ಲ ಎದೆಗೆ ಅಂಟಿದ ಹಾಗೇ ಇತ್ತು. ಅವನ ಹಸಿ ಇಟ್ಟಿಗೆಗಳು ಹೆಣೆದ ತೆಂಗಿನ ಮಡಲಿನಡಿಯಲ್ಲಿ ನೆನೆದು, ಮೂಲೆ ಕಳೆದುಕೊಂಡು, ಮತ್ತೆ ಮಣ್ಣಾಗುತ್ತಿದ್ದವು. ಒಂದು ಸೋಮವಾರ ಅವನು ಬಂದವನು ‘ಹೇಗುಂಟು’ ಎಂದು ಕೇಳಲಿಲ್ಲ.

“ಸೆಲೆಸ್ತಿನ್ ಬಾಯಿ, ಮಾವ ಕರೀತಾ ಇದ್ದಾರೆ, ಆಚೆ ಕಡಲ ಹತ್ರದ ಊರಿಗೆ” ಎಂದ. “ಅಲ್ಲಿ ಗೂಡು ಹಾಕಲಿಕ್ಕೆ ಜಾಗ ಉಂಟಂತೆ. ಅಲ್ಲಿ ಆಕಾಶಕ್ಕೂ ಹಂದಿಗೂ ಸಂಬಂಧವೇ ಇಲ್ಲವಂತೆ.”

“ಅದೆಂಥ ಊರು ಮಾರಾಯಾ!” ಎಂದಳು ಮಾವ್ಶಿ. “ಮತ್ತೆ ಮಳೆ ಯಾವಾಗ ಬರ್ತದೆ ಅಂತ ಗೊತ್ತಾಗುವುದು ಹೇಗೆ?”

“ಗೊತ್ತಾಗುವುದಿಲ್ಲವಂತೆ. ಸುಮ್ನೆ ಬರ್ತದಂತೆ.”

“ದೇವರೇ!” ಮಾವ್ಶಿ ಶಿಲುಬೆಯ ಗುರುತು ಹಾಕಿಕೊಂಡಳು. “ಅಂಥ ಕಡೆ ಮನುಷ್ಯರು ಇರ್ತಾರಾ?”

“ಶನಿವಾರದೊಳಗೆ ಬಿಸಿಲು ಬಂದ್ರೆ ಸರಿ. ಇಲ್ಲದಿದ್ರೆ ಕೆಲಸದವರಿಗೆ ಒಂದು ಒಳ್ಳೆ ಊಟ ಹಾಕಿ, ಅಮ್ಮನನ್ನು ಕರ್ಕೊಂಡು ಬಿಡಾರ ಎತ್ತುವುದೇ.” ಅವನು ಹೇಳಿದ್ದು ಮಾವ್ಶಿಗೆ, ನೋಡಿದ್ದು ನನ್ನ ಕಡೆ. ನಾನು ನೋಡಿದ್ದು ಕತ್ತಿಯ ಕಡೆ.

ಆ ವಾರ ನಾನು ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟೇ ಏಳುತ್ತಿದ್ದೆ. ಅದನ್ನು ಕಂಡೋ ಏನೋ, ಮಾವ್ಶಿ ಬುಧವಾರ ಹಂದಿ ಸಾಕಿದವರನ್ನೆಲ್ಲ ಕಟ್ಟೆಯ ಎದುರು ಸೇರಿಸಿದಳು. “ನೋಡಿ, ಎಲ್ಲರೂ ಒಟ್ಟಿಗೆ ತಂದು ಸುರಿದ್ರೆ ರೇಟು ಎಲ್ಲಿಂದ ಏರ್ತದೆ? ನಾಳೆ ಒಂದು ದಿನ ಯಾರೂ ಹಂದಿ ತರಬೇಡಿ. ರೇಟು ತಾನಾಗಿ ಏರ್ತದೆ. ಆಯ್ತಾ?” ಎಂದಳು. ಎಲ್ಲರೂ ಆಯ್ತು ಎಂದರು. ದರ್ಜಿಯಂತೂ ಎದೆ ಮುಟ್ಟಿ ಹೇಳಿದ. ಗುರುವಾರ ಬೆಳಿಗ್ಗೆ ನೋಡಿದರೆ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗವಿಲ್ಲ. ಬೇರೆ ಯಾರೂ ತರುವುದಿಲ್ಲ, ನಾನೊಬ್ಬನೇ ತಂದರೆ ಒಳ್ಳೆ ರೇಟು ಸಿಗುತ್ತದೆ ಎಂದುಕೊಂಡು ಪ್ರತಿಯೊಬ್ಬನೂ ಇದ್ದಬದ್ದ ಹಂದಿಯನ್ನೆಲ್ಲ ಹೊಡೆದುಕೊಂಡು ಬಂದಿದ್ದ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ದರ್ಜಿ ತನ್ನ ಹಂದಿಯ ಹಿಂದೆ ಅಡಗಿದ್ದ. ಆ ದಿನ ಸುರಿದ ಮಳೆಗೆ ಹೊಳೆ ಇನಾಸನ ಅಂಗಳಕ್ಕೆ ಬಂದು ಹೋಯಿತು.

ಶನಿವಾರ ಬಂತು. ಮಾವ್ಶಿಯ ಬಲಗೈಯ ತೋರುಬೆರಳಿಗೆ ಉಗುರುಸುತ್ತು ಆಗಿ, ಬೆರಳನ್ನು ಒಂದು ಲಿಂಬೆಹಣ್ಣಿನೊಳಗೆ ತುರುಕಿಕೊಂಡು ಕೂತಿದ್ದಳು. ಆ ಕೈಯನ್ನು ಬೈರಾಸಿನಡಿ ಚಾಚುವ ಹಾಗಿಲ್ಲ, ಎಡಗೈಯಲ್ಲಿ ಬೋಣಿ ಮಾಡುವ ಹಾಗೂ ಇಲ್ಲ. “ಎಮ್ಮಿ, ಇವತ್ತು ನೀನೇ ಕೈಯಿಡು” ಎಂದಳು. “ಮಾತಾಡ್ಲಿಕ್ಕೆ ಎಂತದೂ ಇಲ್ಲ. ಎಷ್ಟು ಹಿಡಿದ್ರೂ ಒತ್ತಿಬಿಡು. ಈ ಹಂದಿಗಳು ಹೋದ್ರೆ ಸಾಕಾಗಿದೆ.”

ಬೊನವೆಂಚರ್ ಪೊರ್ಬುಗಳು ಚಾ ಗ್ಲಾಸು ಹಿಡಿದು ಕಟ್ಟೆಯ ಅಂಚಿನಲ್ಲೇ ಕೂತಿದ್ದರು. ಏಳಲಿಲ್ಲ. “ನನಗೆ ಮನಸ್ಸೇ ಇಲ್ಲ ಬಾಯಿ” ಎಂದರು. “ಅಗ್ಗ ಆದ ಮೇಲೆ ಹಂದಿಗೆ ರುಚಿಯೇ ಹೋಗಿದೆ. ನಿನ್ನೆ ಮನೆಯಲ್ಲಿ ಬಡಿಸಿದ್ರೆ ಬದನೆಕಾಯಿ ತಿಂದ ಹಾಗೆ ಆಯ್ತು.”

ಅಷ್ಟರಲ್ಲಿ ಇನಾಸ ತೊಯ್ದ ಕೊಡೆ ಮಡಚಿ ಬಂದ. ಹೆಗಲ ಮೇಲೆ ಬೈರಾಸಿತ್ತು. “ನನಗೊಂದು ಹಂದಿ ಬೇಕು” ಎಂದ. “ಇಡೀ ಹಂದಿ. ನಾಳೆ ಕೆಲಸದವರಿಗೆ ಊಟ.”

ಎಂಥ ಊಟವೆಂದು ಎಲ್ಲರಿಗೂ ಗೊತ್ತಿತ್ತು. ಪೊರ್ಬುಗಳೇ, “ಹಾಗಾದ್ರೆ ಬೋಣಿ ನೀನೇ ಮಾಡು ಮಾರಾಯಾ” ಎಂದರು.

ಅವನು ಕೈ ಚಾಚಿದ. ನಾನೂ ಚಾಚಿದೆ. ಮಾವ್ಶಿ ಎಡಗೈಯಲ್ಲಿ ಅವನ ಹೆಗಲಿನ ಬೈರಾಸು ಎಳೆದು ನಮ್ಮ ಕೈಗಳ ಮೇಲೆ ಹೊದಿಸಿದಳು. ಅವನ ಕೈ ತಣ್ಣಗಿತ್ತು, ಒರಟಾಗಿತ್ತು. ಮಣ್ಣು ಹಿಡಿದು ಹಿಡಿದು ಬೆರಳಿನ ಗೆರೆಗಳೇ ಸವೆದು ಹೋಗಿದ್ದವು. ಅವನು ನನ್ನ ಎರಡು ಬೆರಳು ಹಿಡಿದ. ಆ ವಾರದ ರೇಟು ಅದೇ. ನಾನು ಒತ್ತಬೇಕಿತ್ತು. ಒತ್ತಿದರೆ ವ್ಯಾಪಾರ ಮುಗಿಯಿತು, ಅವನು ಹಂದಿ ಹೊಡೆದುಕೊಂಡು ಹೋಗುತ್ತಾನೆ, ಕೆಲಸದವರು ಉಂಡು ಕೈ ತೊಳೆಯುತ್ತಾರೆ, ಆಮೇಲೆ ಹೊಳೆಯ ಬದಿಯಲ್ಲಿ ಯಾರೂ ಇರುವುದಿಲ್ಲ. ನಾನು ಒತ್ತಲಿಲ್ಲ.

ಅವನು ಮೂರು ಬೆರಳು ಹಿಡಿದ. ಮಳೆ ತೂರುಹನಿಯಾಯಿತು. ನಾನು ಒತ್ತಲಿಲ್ಲ. ಅವನು ತಲೆಯೆತ್ತಿ ನನ್ನ ಮುಖ ನೋಡಿದ. ನಾನು ಬೈರಾಸಿನ ಚೌಕಳಿಯನ್ನು ನೋಡಿದೆ. ನಾಲ್ಕು ಬೆರಳು. ಹನಿ ನಿಂತಿತು. ಸೂರಿನಿಂದ ಬೀಳುತ್ತಿದ್ದ ನೀರಿನ ಸದ್ದೂ ನಿಂತಾಗಲೇ ಮಾರ್ಕೆಟ್ಟು ಎಷ್ಟು ನಿಶ್ಶಬ್ದವಾಗಿದೆಯೆಂದು ತಿಳಿದದ್ದು.

“ಏರಿಸಿದ!” ಎಂದು ಯಾರೋ ಪಿಸುಗುಟ್ಟಿದರು.

ಐದು ಬೆರಳು. ಮೋಡ ನಡುವೆ ಹರಿದು ಬಿಸಿಲಿನ ಒಂದು ಪಟ್ಟಿ ಹಂದಿಗಳ ಬೆನ್ನ ಮೇಲೆ ಬಿತ್ತು. ಅವು ಕಿವಿ ಅಲ್ಲಾಡಿಸಿದವು. ಗುಲಾಬಕ್ಕ ಚಾಪೆ ಬಿಡಿಸಿಯೇಬಿಟ್ಟರು. ಇನ್ನು ಹಿಡಿಯಲು ಅವನಿಗೆ ಬೆರಳು ಉಳಿದಿರಲಿಲ್ಲ. ಕ್ರಮದ ಪ್ರಕಾರ ಅವನು ಕೈ ತೆಗೆಯಬೇಕಿತ್ತು. ತೆಗೆಯಲಿಲ್ಲ. ಮಣಿಕಟ್ಟು ಹಿಡಿದ, ಆಮೇಲೆ ಅಂಗೈ ಹಿಡಿದ, ಆಮೇಲೆ ಸುಮ್ಮನೆ ಹಿಡಿದುಕೊಂಡೇ ನಿಂತ. ನನ್ನ ಬೆರಳುಗಳು ನನ್ನನ್ನು ಕೇಳದೆಯೇ ಅವನ ಬೆರಳುಗಳ ನಡುವೆ ಸೇರಿಕೊಂಡವು.

ಚಳಿ ಬಂತು ನೋಡಿ. ಮೊದಲು ಪಾದಕ್ಕೆ, ಆಮೇಲೆ ಕಿವಿಗೆ. ಪೊರ್ಬುಗಳ ಚಾದಿಂದ ಹೊಗೆ ಕಂಬದ ಹಾಗೆ ಎದ್ದಿತು. ಗುಲಾಬಕ್ಕ ಮನೆಗೆಂದು ಕೊಂಡಿಟ್ಟುಕೊಂಡಿದ್ದ ಸೀಸೆಯಲ್ಲಿ ತೆಂಗಿನೆಣ್ಣೆ ಬಿಳಿಗಟ್ಟಿತು. ಹಂದಿಗಳು ಒಂದರ ಮೈಗೆ ಒಂದು ಒತ್ತಿ ನಿಂತವು, ಅವುಗಳ ನಡುವೆ ದರ್ಜಿಯೂ ಸೇರಿಕೊಂಡ.

“ಹೋದ ವರ್ಷದ ರೇಟನ್ನೂ ದಾಟಿತು ಮಾರಾಯ್ರೆ!”

“ಇವನೇನು ಹಂದಿ ಕೊಳ್ತಾನಾ, ಹಂದಿ ಮಾರ್ಕೆಟ್ಟನ್ನೇ ಕೊಳ್ತಾನಾ?”

“ನನ್ನ ಮೂಗು ಉಂಟಾ ಇಲ್ವಾ ಒಮ್ಮೆ ನೋಡಿ ಹೇಳಿ!”

ಹಲಸಿನ ಮರದಡಿಯಿಂದ ಶೀನ ಭಟ್ಟರ ಹಲ್ಲು ಕಟಕಟ ಎನ್ನುವುದು ನಮಗೇ ಕೇಳುತ್ತಿತ್ತು. “ಸೆಲೆಸ್ತಿನ್ ಬಾಯೀ, ಸಾಕು ಮಾಡ್ಲಿಕ್ಕೆ ಹೇಳಿ! ನನ್ನ ಮೈಮೇಲೆ ಇರುವುದು ಒಂದೇ ಶಾಲು!”

“ಎಮ್ಮೀ, ಒತ್ತೇ ಮಾರಾಯ್ತಿ!” ಎಂದು ಮಾವ್ಶಿ ನಡುಗುತ್ತಾ ಕೂಗಿದಳು. “ಎಷ್ಟು ಹಿಡಿದಿದ್ದಾನೆ ಅವನು?” ಅವಳಿಗೆ ತಡೆಯಲಾಗಲಿಲ್ಲ. ಹೊದಿಸಿದ ಮೇಲೆ ಬೋಣಿ ಮುಗಿಯುವವರೆಗೆ ಬೈರಾಸನ್ನು ಮೂರನೆಯವರು ಮುಟ್ಟಬಾರದು ಎಂಬುದನ್ನೂ ಮರೆತು, ತುದಿ ಹಿಡಿದು ಎಳೆದುಬಿಟ್ಟಳು.

ಊರೇ ನೋಡಿತು. ಅಲ್ಲಿ ರೇಟೂ ಇರಲಿಲ್ಲ, ಲೆಕ್ಕವೂ ಇರಲಿಲ್ಲ. ಎರಡು ಕೈಗಳು ಹೆಣೆದ ಮಡಲಿನ ಹಾಗೆ ಬೆರಳಿಗೆ ಬೆರಳು ಸೇರಿಸಿಕೊಂಡು ಸುಮ್ಮನೆ ಕೂತಿದ್ದವು.

ಮೊದಲು ನಕ್ಕವರು ಗುಲಾಬಕ್ಕ. ಆಮೇಲೆ ನಗದವರು ಯಾರೂ ಉಳಿಯಲಿಲ್ಲ. ನಾನು ಕೈ ಬಿಡಿಸಿಕೊಳ್ಳಲು ನೋಡಿದೆ. ಇನಾಸ ಕಿವಿಯ ತುದಿಯವರೆಗೆ ಕೆಂಪಾಗಿದ್ದ, ಆದರೆ ಬಿಡಲಿಲ್ಲ. “ನನಗೆ ಮೀಸೆ ಬಂದಾಗಿನಿಂದ ಬೋಣಿ ಮಾಡ್ತಾ ಇದ್ದೇನೆ” ಎಂದರು ಬೊನವೆಂಚರ್ ಪೊರ್ಬುಗಳು ಕಣ್ಣೊರೆಸಿಕೊಳ್ಳುತ್ತಾ. “ಇಂಥ ರೇಟು ಕಂಡಿಲ್ಲ, ಕೇಳಿಲ್ಲ. ಅಲ್ಲ ಮಾರಾಯಾ, ಇದು ಬೋಣಿ ಆಯ್ತಾ, ಆಗಲಿಲ್ವಾ?”

ಆಗ ನಗು ನಿಂತಿತು. ಹೊಳೆಯ ಕಡೆಯಿಂದ ಮೋಡ ಮತ್ತೆ ಅಂಚು ತೋರಿಸುತ್ತಿತ್ತು. ಎಲ್ಲರಿಗಿಂತ ಮೊದಲು ಕಂಡವಳು ನಾನೇ. “ಬೈರಾಸು ಎತ್ತಿ ಆಯ್ತಲ್ಲ” ಎಂದರು ಪೊರ್ಬುಗಳು. “ಇನ್ನು ರೇಟು ಬಾಯಲ್ಲೇ ಹೇಳ್ಬೇಕು. ಹೇಳಬೇಕಾದವಳು ಮಾರುವವಳು. ಹೇಳು ಮಗಾ.”

ಇಡೀ ಮಾರ್ಕೆಟ್ಟು ನನ್ನ ಬಾಯಿ ನೋಡುತ್ತಿತ್ತು. ನಾನು ಅವರೆಲ್ಲರನ್ನೂ ನೋಡಿದೆ. ಒಂದೇ ಶಾಲಿನಲ್ಲಿ ಮುದುಡಿದ ಭಟ್ಟರು. ಬಿಡಿಸಿದ ಚಾಪೆಯ ಮೇಲೆ ಕೂತ ಗುಲಾಬಕ್ಕ. ಹಂದಿಯ ಹಗ್ಗಗಳು. ಸಡಿಲವಾಗಿದ್ದ ಹಗ್ಗಗಳನ್ನೆಲ್ಲ ಜನ ಆಗಲೇ ಕೈಗೆ ಸುತ್ತಿಕೊಳ್ಳಲು ಶುರುಮಾಡಿದ್ದರು. ತೀರಾ ಮೇಲೆ ಹೇಳಿದರೆ ಮುದುಕರು ನಡುಗುತ್ತಾರೆ. ತೀರಾ ಕೆಳಗೆ ಹೇಳಿದರೆ ಇಟ್ಟಿಗೆ ಕರಗುತ್ತದೆ.

“ಕೆಜಿಗೆ ಮುನ್ನೂರ ನಲ್ವತ್ತು” ಎಂದೆ. ಬಿಸಿಲೂ ಬೀಳುವ, ಮುದುಕರೂ ತಡೆಯುವಷ್ಟೇ ಚಳಿಯ ರೇಟು. ಸಣ್ಣ ದನಿ. ಆದರೆ ಅಷ್ಟು ನಿಶ್ಶಬ್ದದಲ್ಲಿ ಹಲಸಿನ ಮರದವರೆಗೂ ಕೇಳಿಸಿತು. ಭಟ್ಟರು “ಉತ್ತಮ, ಅತ್ಯುತ್ತಮ!” ಎಂದರು.

ಮೋಡ ಇದ್ದಲ್ಲೇ ನಿಂತಿತು. ಇನಾಸ ಮಾತ್ರ ಹಂದಿಯನ್ನು ಒಮ್ಮೆ ನೋಡಿ, ಅದರ ಅಗಲಕ್ಕೆ ಹೆದರಿ, ತಲೆ ಕೆರೆದುಕೊಂಡ. “ಆ ರೇಟಿಗೆ ಇಡೀ ಹಂದಿ ತಗೊಳ್ಳಲಿಕ್ಕೆ ನನ್ನಿಂದ ಆಗುವುದಿಲ್ಲ” ಎಂದ. ಮೋಡ ಒಂದು ಗೇಣು ಮುಂದೆ ಬಂತು.

“ಹಾಗಾದ್ರೆ ಕೈ ತೆಗಿ” ಎಂದರು ಪೊರ್ಬುಗಳು ಬೇಸರದಿಂದ. “ಕ್ರಮ ಉಂಟಲ್ಲ.”

ಇನಾಸ ಕೈಯ ಕಡೆ ನೋಡಿದ. ಬಿಸಿಲಿನ ಕಡೆ ನೋಡಿದ. ಆಮೇಲೆ ನನ್ನ ಕಡೆ. “ಇಡೀ ಹಂದಿ ಬೇಕಿದ್ದದ್ದು ಬಿಡಾರ ಎತ್ತುವ ಊಟಕ್ಕೆ” ಎಂದ ನಿಧಾನವಾಗಿ. “ಇಂಥ ಹವೆ ಇರುವಾಗ ಬಿಡಾರ ಎತ್ತುವವನು ಯಾರು? ನಾಳೆ ಇಟ್ಟಿಗೆ ತಿರುವಿ ಹಾಕುವ ಕೆಲಸವೇ ಬೇಕಾದಷ್ಟುಂಟು. ನನಗೂ ಅಮ್ಮನಿಗೂ ಅರ್ಧ ಕೆಜಿ ಸಾಕು.”

“ಸಗಟು ಮಾರ್ಕೆಟ್ಟಲ್ಲಿ ಅರ್ಧ ಕೆಜಿಯಾ!” ಪೊರ್ಬುಗಳಿಗೆ ಚಾ ನೆತ್ತಿಗೇರಿತು.

“ಬೋಣಿಗೆ ತೂಕದ ಕಟ್ಟಳೆ ಇಲ್ಲ!” ಎಂದು ಹೊರಗಿನಿಂದ ಕೂಗಿದವರು ಶೀನ ಭಟ್ಟರೇ. ಶಾಲು ಮೂಗಿನಿಂದ ಜಾರಿದ್ದೂ ಅವರಿಗೆ ತಿಳಿದಿರಲಿಲ್ಲ. “ಬೇಕಾದವರಿಗೆ ಬೇಕಾದಷ್ಟು! ಕೊಡಿ, ಮಾಂಸ ಕೊಡಿ, ಬೇಗ ಕೊಡಿ!” ಅವರ ಬಾಯಲ್ಲಿ ಆ ಮಾತು ಕೇಳಿ ಪೊರ್ಬುಗಳು ಎದ್ದು ನಿಂತು ಕೈ ಮುಗಿದರು.

ನಾನು ಇನಾಸನ ಕೈಯನ್ನು ಒತ್ತಿದೆ. ಆಮೇಲೆ ಮಾವ್ಶಿಯ ಕೈಯಲ್ಲಿದ್ದ ಬೈರಾಸು ತೆಗೆದುಕೊಂಡು ಕೊಡವಿದೆ. ಮೋಡ ಹೊಳೆ ದಾಟಿ ಹೋಯಿತು.

ಅಲ್ಲಿಂದ ಮುಂದೆ ಆದದ್ದು ಮಾರ್ಕೆಟ್ಟಿನ ಹುಟ್ಟುಗುಣ. ರೇಟು ಮುನ್ನೂರ ನಲ್ವತ್ತು ಎಂದು ಕೇಳಿದ ಕೂಡಲೇ ಬೊನವೆಂಚರ್ ಪೊರ್ಬುಗಳ ಬಾಯಿಗೆ ರುಚಿ ವಾಪಸು ಬಂತು. “ನನಗೆರಡು, ಅಲ್ಲ, ನಾಲ್ಕು!” ಎಂದು ಕೂಗಿದರು. ಆದರೆ ಕೊಡುವವರು ಬೇಕಲ್ಲ? ಇಂದು ಇಷ್ಟಾದರೆ ನಾಳೆ ಇನ್ನೆಷ್ಟೋ ಎಂದು ಎಲ್ಲರೂ ಹಂದಿಗಳ ಮುಖ ತಿರುಗಿಸಿ ಮನೆಯ ಕಡೆ ಹೊರಟಿದ್ದರು. ವಾರವಿಡೀ ಇವನ್ನು ಯಾರಾದರೂ ಕೊಂಡುಹೋದರೆ ಸಾಕೆಂದು ಗೋಗರೆದವರು ಈಗ ಕೇಳಿದರೂ ನಿಲ್ಲಲಿಲ್ಲ. ದರ್ಜಿ ತನ್ನೆರಡು ಹಂದಿಗಳಿಗೆ ಚಳಿಯಾದೀತೆಂದು ಹೊಲಿಯಲು ತಂದಿದ್ದ ಯಾರದೋ ಬಟ್ಟೆ ಹೊದಿಸಿದ. ಹಂದಿಗಳು ಮನೆಗೆ ಹೋಗುತ್ತಿದ್ದವು, ಒಗೆದ ಬಟ್ಟೆಯ ಬುಟ್ಟಿ ಹೊತ್ತವರು ಎದುರಿನಿಂದ ಬರುತ್ತಿದ್ದರು. ದಾರಿಯಲ್ಲಿ ಯಾರು ಯಾರಿಗೆ ಜಾಗ ಬಿಡಬೇಕೆಂದು ದೊಡ್ಡ ಗಲಾಟೆ.

ಕಟ್ಟೆಯ ಹತ್ತಿರ ನಾವು ಮೂವರೇ ಉಳಿದೆವು. ಮಾವ್ಶಿ ಲಿಂಬೆಹಣ್ಣಿನ ಬೆರಳನ್ನು ಇನಾಸನ ಮೂಗಿನ ಎದುರು ಆಡಿಸಿದಳು. “ಕೇಳು ಇಲ್ಲಿ. ಅರ್ಧ ಕೆಜಿ ಅಲ್ಲ, ಮುಕ್ಕಾಲು ತಗೊಂಡು ಹೋಗು. ನಾಳೆ ಪೂಜೆ ಮುಗಿಸಿ ನಾನು ನಿಮ್ಮಲ್ಲಿಗೆ ಊಟಕ್ಕೆ ಬರ್ತೇನೆ. ನಿನ್ನ ಅಮ್ಮನ ಹತ್ರ ಸ್ವಲ್ಪ ಮಾತಾಡ್ಲಿಕ್ಕುಂಟು. ಊರೆದುರು ಹುಡುಗಿಯ ಕೈ ಹಿಡಿದು ಚಳಿ ಬರಿಸಿದ್ದಿ. ಅರ್ಧ ಕೆಜಿಯಲ್ಲಿ ಮುಗಿಸ್ತೇನೆ ಅಂತ ತಿಳ್ಕೊಂಡಿದ್ದಿಯಾ?”

“ಬನ್ನಿ ಬಾಯಿ” ಎಂದ ಇನಾಸ. ಅವನ ಹಲ್ಲು ಚಳಿಗೆ ಬಡಿಯುತ್ತಿತ್ತೋ ನಗುತ್ತಿತ್ತೋ ತಿಳಿಯಲಿಲ್ಲ. “ಅಮ್ಮನಿಗೂ ಖುಷಿಯಾಗ್ತದೆ.”

ನಾನು ಕೊಕ್ಕೆಗೆ ತೂಗುಹಾಕಿದ್ದ ಸೀಳಿನಿಂದ ಕೊಬ್ಬೂ ತಿರುಳೂ ಸಮನಾಗಿ ಬರುವ ಹಾಗೆ ಒಂದು ತುಂಡು ಕತ್ತರಿಸಿದೆ. ತಕ್ಕಡಿಗೆ ಹಾಕಿದೆ. ಮುಕ್ಕಾಲು ಕೆಜಿಯ ಕಲ್ಲು ಮೇಲೆದ್ದು ನಿಂತಿತು. ಮಾಂಸದ ತಟ್ಟೆ ಕಟ್ಟೆಗೆ ತಾಗಿತು. ನಾನು ಅದನ್ನು ಬಾಳೆಲೆಯಲ್ಲಿ ಸುತ್ತತೊಡಗಿದೆ.

“ಜಾಸ್ತಿ ಆಯ್ತಲ್ಲ” ಎಂದ ಇನಾಸ.

“ನಾನೂ ಬರ್ತೇನಲ್ಲ” ಎಂದೆ.